ಎಳೆಗೂಸಿನ ಮನೆಯಲ್ಲಿ ಯಾವುದಕ್ಕೆ ಹೆದರಬೇಕು

ಹುಟ್ಟಿ ವಾರವೂ ತುಂಬದ ಮಗು ಮಲಗಿರುವಾಗ ಅದರ ಎದೆಯನ್ನೇ ನೋಡುತ್ತ ಕೂತರೆ ಯಾರಿಗಾದರೂ ದಿಗಿಲಾಗುತ್ತದೆ. ಸರಸರನೆ ಏಳೆಂಟು ಉಸಿರು, ಆಮೇಲೆ 5 ಸೆಕೆಂಡು, ಒಮ್ಮೊಮ್ಮೆ 10 ಸೆಕೆಂಡು ಏನೂ ಇಲ್ಲ. ಮುಟ್ಟಿ ಎಬ್ಬಿಸೋಣ ಅನ್ನುವಷ್ಟರಲ್ಲಿ ಮಗು ಮತ್ತೆ ಉಸಿರಾಡತೊಡಗಿರುತ್ತದೆ. ಉಸಿರಾಟವನ್ನು ನಿಭಾಯಿಸುವ ಮೆದುಳಿನ ಭಾಗ ಇನ್ನೂ ಬಲಿತಿರುವುದಿಲ್ಲ, ಅದಕ್ಕೇ ಹೀಗೆ. ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. ನಿಮಿಷಕ್ಕೆ 30ರಿಂದ 60 ಉಸಿರು ಈ ವಯಸ್ಸಿಗೆ ಸಹಜ. ತುಟಿ, ನಾಲಿಗೆ ನೀಲಿಗಟ್ಟಿದರೆ, ಉಸಿರು 20 ಸೆಕೆಂಡು ನಿಂತರೆ, ಪ್ರತಿ ಉಸಿರಿಗೂ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಅದು ಬೇರೆ ಮಾತು. ಆಗ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಹೀಗೆ ಹೆದರಿಸಿ ಸುಮ್ಮನಾಗುವ ಸಂಗತಿಗಳು ಎಳೆಗೂಸಿನಲ್ಲಿ ಎಷ್ಟೋ ಇವೆ. ದಿನಕ್ಕೆ ಹತ್ತಾರು ಸಲ ಸೀನುವುದು ನೆಗಡಿಯಿಂದಲ್ಲ, ಮೂಗಿನಿಂದಲೇ ಉಸಿರಾಡುವ ಮಗು ಮೂಗು ಸ್ವಚ್ಛ ಮಾಡಿಕೊಳ್ಳುವ ಬಗೆ ಅದು. ಬಿಕ್ಕಳಿಕೆ ನಮಗೆ ಕಾಡುವಷ್ಟು ಅದಕ್ಕೆ ಕಾಡುವುದಿಲ್ಲ. ಮೊದಲ ವಾರ ಗಂಡುಮಗುವಿಗೂ ಮೊಲೆ ಊದಿಕೊಳ್ಳಬಹುದು, ಹೆಣ್ಣುಮಗುವಿನ ಡೈಪರಿನಲ್ಲಿ ಒಂದೆರಡು ಹನಿ ರಕ್ತ ಕಾಣಬಹುದು. ಎರಡೂ ತಾಯಿಯಿಂದ ಬಂದ ಹಾರ್ಮೋನುಗಳ ಪರಿಣಾಮ, ತಾನೇ ಇಳಿಯುತ್ತದೆ. ಊದಿದ ಮೊಲೆಯನ್ನು ಹಿಂಡಿದರೆ ಮಾತ್ರ ಕೀವಾಗುವ ಅಪಾಯ ಉಂಟು.

ಇನ್ನೊಂದು ಕಡೆ, ಎಲ್ಲರೂ ಮೆಚ್ಚಿಕೊಳ್ಳುವ ಮಗು ಇರುತ್ತದೆ. ಅಳುವುದಿಲ್ಲ, ಕಾಡುವುದಿಲ್ಲ, ಹಾಲಿಗೂ ಏಳದೆ ಐದಾರು ಗಂಟೆ ಮಲಗುತ್ತದೆ. ಹುಟ್ಟಿ ನಾಲ್ಕೈದು ದಿನದ ಮಗು ಹೀಗಿದ್ದರೆ ಅದು ಸಂತೋಷದ ಸುದ್ದಿಯಲ್ಲ. ಹಾಲು ಸಾಲದ ಮಗು ಮೊದಲು ಅಳುತ್ತದೆ, ಆಮೇಲೆ ಅಳಲು ಶಕ್ತಿಯಿಲ್ಲದೆ ಮಲಗುತ್ತದೆ. ಕಾಮಾಲೆ ಏರಿದ ಮಗುವೂ ಹಾಗೆಯೇ. ಮೊದಲ ತಿಂಗಳುಗಳಲ್ಲಿ ಮನೆಯವರ ಭಯ ಬಹುಪಾಲು ತಪ್ಪು ಜಾಗದಲ್ಲಿರುತ್ತದೆ: ಸದ್ದು ಮಾಡುವ ಎಲ್ಲದಕ್ಕೂ ಹೆದರುತ್ತೇವೆ, ಸದ್ದಿಲ್ಲದ ಅಪಾಯಗಳ ಮುಂದೆ ನೆಮ್ಮದಿಯಾಗಿರುತ್ತೇವೆ.

ಹಾಲಿನ ವಿಷಯದಲ್ಲಿ ಇದು ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ. ಮೊದಲ ದಿನ ಬರುವ ಗಟ್ಟಿ ಹಳದಿ ಹಾಲು ಚಮಚಗಳ ಲೆಕ್ಕದಲ್ಲಷ್ಟೇ ಇರುತ್ತದೆ, ಮಗುವಿಗೆ ಒಂದು ಸಲಕ್ಕೆ ಬೇಕಿರುವುದೂ ಅಷ್ಟೇ. ಹಾಲು ತುಂಬಿ ಬರುವುದು 2ರಿಂದ 5ನೇ ದಿನದೊಳಗೆ. ಮೊದಲ ಹೆರಿಗೆಯಲ್ಲಿ, ಸಿಸೇರಿಯನ್ ಆದವರಲ್ಲಿ ತುಸು ತಡ. ಈ ನಡುವೆ ತೂಕ ಇಳಿಯುತ್ತದೆ. ಹುಟ್ಟಿದಾಗಿನ ತೂಕದ 7 ಶೇಕಡಾವರೆಗೆ ಇಳಿದರೆ ಸಹಜ, 10 ಶೇಕಡಾ ಮುಟ್ಟಿದರೆ ಹಾಲೂಡುವ ಬಗೆಯನ್ನು ಡಾಕ್ಟರು ಅಥವಾ ನರ್ಸ್ ಕೂತು ನೋಡಬೇಕು. 10ರಿಂದ 14 ದಿನದೊಳಗೆ ಹುಟ್ಟುತೂಕ ಮರಳಿ ಬರಬೇಕು. ಅಲ್ಲಿಂದ ಮೂರು ತಿಂಗಳವರೆಗೆ ದಿನಕ್ಕೆ ಸರಾಸರಿ 25ರಿಂದ 30 ಗ್ರಾಂ ಏರುತ್ತ ಹೋಗುತ್ತದೆ.

ಎದೆಗೆ ಎಷ್ಟು ಹಾಲು ಬಂತು ಅಂತ ಕಣ್ಣಿಗೆ ಕಾಣದಿರಬಹುದು, ಡೈಪರ್ ಅಂತೂ ಸುಳ್ಳು ಹೇಳುವುದಿಲ್ಲ. ಮೊದಲ ದಿನ ಒಂದು ಸಲ ಒದ್ದೆ, ಎರಡನೆಯ ದಿನ ಎರಡು, ಹೀಗೆ ಏರುತ್ತ 6ನೇ ದಿನದಿಂದ 24 ಗಂಟೆಗೆ ಕನಿಷ್ಠ 6 ಸಲ. ಈಗಿನ ಡೈಪರ್ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಆದ್ದರಿಂದ ಹೊಸದೊಂದಕ್ಕೆ 45 ಮಿಲಿ ನೀರು ಸುರಿದು ಕೈಯಲ್ಲಿ ತೂಗಿ ನೋಡಿಕೊಳ್ಳಿ. ಚೆನ್ನಾಗಿ ಒದ್ದೆಯಾದ ಡೈಪರಿನ ಭಾರ ಹೆಚ್ಚುಕಡಿಮೆ ಅದು. ಮಲದ ಬಣ್ಣವೂ ದಿನದಿಂದ ದಿನಕ್ಕೆ ಮಾತಾಡುತ್ತದೆ. ಮೊದಲೆರಡು ದಿನ ಕಪ್ಪು, ಅಂಟು. 3–4ನೇ ದಿನಕ್ಕೆ ಹಸಿರು. 5ನೇ ದಿನದ ಹೊತ್ತಿಗೆ ಹಳದಿ, ತೆಳ್ಳಗೆ, ನಡುನಡುವೆ ಸಣ್ಣ ಕಾಳುಗಳು. 5ನೇ ದಿನವೂ ಕಪ್ಪಾಗಿಯೇ ಇದ್ದರೆ ಹಾಲು ಹೊಟ್ಟೆಗೆ ಹೋಗುತ್ತಿಲ್ಲ ಎಂದರ್ಥ. ಆರು ವಾರದ ಮೇಲೆ ಎದೆಹಾಲಿನ ಮಗು ನಾಲ್ಕೈದು ದಿನಕ್ಕೊಮ್ಮೆ ಹೋದರೂ, ಮಲ ಮೆತ್ತಗಿದ್ದು ಮಗು ಗೆಲುವಾಗಿದ್ದರೆ ಅದು ಮಲಬದ್ಧತೆಯಲ್ಲ. ಹೆದರಬೇಕಾದದ್ದು ಸುಣ್ಣದಂಥ ಬಿಳಿ ಅಥವಾ ಬೂದು ಬಣ್ಣಕ್ಕೆ. ಪಿತ್ತನಾಳ ಕಟ್ಟಿದಾಗ ಹಾಗಾಗುತ್ತದೆ. ಇದರಲ್ಲಿ ಒಂದೊಂದು ವಾರವೂ ಲೆಕ್ಕಕ್ಕೆ ಬರುತ್ತದೆ.

ಹಾಲೂಡುವಾಗ ನೋವು ಸಹಜ, ಸಹಿಸಿಕೊಳ್ಳಬೇಕು ಎನ್ನುವ ಮಾತಿದೆಯಲ್ಲ, ಅದನ್ನು ಒಪ್ಪಬೇಡಿ. ಮೊದಲ ಕೆಲವು ದಿನ, ಮಗು ಬಾಯಿ ಹಾಕಿದ ಅರ್ಧ ನಿಮಿಷ ಚುರುಗುಡಬಹುದು. ಆಮೇಲೂ ನೋಯುತ್ತಿದ್ದರೆ ಮಗು ತೊಟ್ಟನ್ನಷ್ಟೇ ಕಚ್ಚಿಕೊಂಡಿದೆ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಲಿ, ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಲಿ. ತೊಟ್ಟು ಮಗುವಿನ ಮೂಗಿನ ನೇರಕ್ಕೆ ಬರುವಂತೆ ಹಿಡಿದು ಮೇಲ್ದುಟಿಗೆ ಸವರಿದರೆ ಅದು ತಲೆ ಹಿಂದಕ್ಕೆ ಬಾಗಿಸಿ ಬಾಯಿ ಅಗಲಿಸುತ್ತದೆ. ಆ ಕ್ಷಣಕ್ಕೆ ಮಗುವನ್ನು ಎದೆಯ ಹತ್ತಿರಕ್ಕೆ ತರಬೇಕೇ ಹೊರತು ಎದೆಯನ್ನು ಬಗ್ಗಿಸಿ ಮಗುವಿನ ಬಾಯಿಗಲ್ಲ. ಸರಿಯಾಗಿ ಹಿಡಿದಾಗ ಗಲ್ಲ ಎದೆಗೆ ಒತ್ತಿರುತ್ತದೆ, ಕೆಳದುಟಿ ಹೊರಕ್ಕೆ ಮಡಿಚಿರುತ್ತದೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತದೆ. ಕೆನ್ನೆ ಗುಳಿ ಬೀಳುತ್ತಿದ್ದರೆ, ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಹಿಡಿತ ತಪ್ಪಿದೆ. ಬಿಡಿಸಲು ಎಳೆಯಬೇಡಿ, ಚೊಕ್ಕ ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿದರೆ ಗಾಳಿ ಹೊಕ್ಕು ಹಿಡಿತ ಸಡಿಲವಾಗುತ್ತದೆ.

24 ಗಂಟೆಗೆ 8ರಿಂದ 12 ಸಲ ಹಾಲು, ಅದೂ ಸಮಾನ ಅಂತರದಲ್ಲಲ್ಲ. ಸಂಜೆಯ ಹೊತ್ತು ಅರ್ಧರ್ಧ ಗಂಟೆಗೆ ಎದೆ ಕೇಳುವ ಮಗುವನ್ನು ನೋಡಿ ಹಾಲು ಕಡಿಮೆಯಾಯಿತೆಂದು ಬಾಟಲಿ ತರುವವರು ಬಹಳ. ಎದೆ ಬರಿದಾದಷ್ಟೂ ಹಾಲು ಬೇಗ ಊರುತ್ತದೆ, ತುಂಬಿಯೇ ಇದ್ದರೆ ನಿಧಾನವಾಗುತ್ತದೆ. ಅಂದರೆ ಮಗು ಮೇಲಿಂದ ಮೇಲೆ ಕುಡಿಯುವುದೇ ಹಾಲು ಹೆಚ್ಚಿಸುವ ದಾರಿ, ನಡುವೆ ಬಂದ ಬಾಟಲಿ ಆ ದಾರಿಗೆ ಅಡ್ಡ. ಆರು ವಾರದ ಹೊತ್ತಿಗೆ ಎದೆ ಮೆತ್ತಗಾಗುತ್ತದೆ. ಅದೂ ಬತ್ತಿದ್ದಲ್ಲ, ಬೇಡಿಕೆಗೆ ಹೊಂದಿಕೊಂಡದ್ದು. ಅಂದಹಾಗೆ ಅಳು ಹಸಿವಿನ ಕೊನೆಯ ಸೂಚನೆ. ಅದಕ್ಕೂ ಮುಂಚೆ ಮಗು ತುಟಿ ಚಪ್ಪರಿಸುತ್ತದೆ, ಕೈ ಬಾಯಿಗೆ ಒಯ್ಯುತ್ತದೆ, ಕೆನ್ನೆಗೆ ತಾಗಿದ್ದರ ಕಡೆ ತಲೆ ಹೊರಳಿಸುತ್ತದೆ. ಆಗಲೇ ಎತ್ತಿಕೊಂಡರೆ ಅರ್ಧ ರಂಪ ತಪ್ಪುತ್ತದೆ.

ಫಾರ್ಮುಲಾ ಕೊಡಬೇಕಾಗಿ ಬಂದವರು ತಪ್ಪಿತಸ್ಥರಂತೆ ಕೂರಬೇಕಿಲ್ಲ, ಆದರೆ ಅಳತೆಯಲ್ಲಿ ಕೈ ಬಿಗಿಯಿರಬೇಕು. ಕುದಿಸಿದ ನೀರು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮುನ್ನವೇ ಪುಡಿ ಬೆರೆಸಬೇಕು, ಯಾಕೆಂದರೆ ಡಬ್ಬಿಯ ಪುಡಿ ರೋಗಾಣುಮುಕ್ತವಲ್ಲ, ಆ ಬಿಸಿಯೇ ಅವನ್ನು ಕೊಲ್ಲುವುದು. ಒಂದು ಲೀಟರ್ ನೀರು ಕುದಿದು ಅರ್ಧ ಗಂಟೆಯೊಳಗೆ ಬಳಸಿದರೆ ಸಾಮಾನ್ಯವಾಗಿ ಆ ಬಿಸಿ ಇರುತ್ತದೆ. ಮೊದಲು ನೀರು, ಆಮೇಲೆ ಪುಡಿ. ಚಮಚ ಒತ್ತಿ ತುಂಬದೆ ಮೇಲ್ಭಾಗ ಸವರಿ ಸಮ ಮಾಡಬೇಕು. ತಣ್ಣೀರಿನಡಿ ಬಾಟಲಿ ಹಿಡಿದು ತಣಿಸಿ, ಮಣಿಕಟ್ಟಿನ ಒಳಬದಿಗೆ ಹನಿ ಬಿಟ್ಟು ನೋಡಿ. ಕುಡಿಯಲು ಶುರು ಮಾಡಿದ ಬಾಟಲಿಯಲ್ಲಿ ಉಳಿದದ್ದನ್ನು ಗಂಟೆಯ ಮೇಲೆ ಇಟ್ಟುಕೊಳ್ಳಬಾರದು, ಬಾಯಿಯ ಎಂಜಲು ಅದಕ್ಕೆ ಸೇರಿರುತ್ತದೆ. ಮಗು ದಪ್ಪವಾಗಲಿ ಅಂತ ಒಂದು ಚಮಚ ಹೆಚ್ಚು ಹಾಕಿದರೆ ಮೂತ್ರಪಿಂಡಕ್ಕೆ ಹೊರೆ. ಡಬ್ಬಿ ಇನ್ನೆರಡು ದಿನ ಬರಲಿ ಅಂತ ನೀರು ಹೆಚ್ಚಿಸಿದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಆರು ತಿಂಗಳೊಳಗೆ ಬರಿ ನೀರು ಕುಡಿಸಬಾರದು ಅನ್ನುವುದಕ್ಕೂ ಇದೇ ಕಾರಣ, ಜೊತೆಗೆ ಪುಟ್ಟ ಹೊಟ್ಟೆಯಲ್ಲಿ ಹಾಲಿನ ಜಾಗವನ್ನು ಅದು ತಿನ್ನುತ್ತದೆ. ಬೇಸಿಗೆಯಲ್ಲೂ ಎದೆಹಾಲೇ ನೀರು.

ಹಿಂಡಿಟ್ಟ ಎದೆಹಾಲು ಕೋಣೆಯ ಬಿಸಿಯಲ್ಲಿ 4 ಗಂಟೆ, ಫ್ರಿಜ್ಜಿನೊಳಗೆ 4 ದಿನ ಕೆಡುವುದಿಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಮಾತ್ರ ಇಡಬೇಡಿ, ತೆರೆದು ಮುಚ್ಚುವಾಗ ಅಲ್ಲಿ ಬಿಸಿ ಏರಿಳಿಯುತ್ತದೆ. ಮೈಕ್ರೋವೇವ್ ಹಾಲನ್ನು ಒಂದೇ ಸಮ ಕಾಯಿಸುವುದಿಲ್ಲ, ನಡುವೆಲ್ಲೋ ಬಾಯಿ ಸುಡುವಷ್ಟು ಬಿಸಿ ಉಳಿಯುತ್ತದೆ. ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿ ನಿಲ್ಲಿಸಿದರೆ ಸಾಕು.

ಕುಡಿದದ್ದನ್ನೆಲ್ಲ ಕಕ್ಕಿತು ಎಂಬ ದೂರು ಎಲ್ಲ ಮನೆಯಲ್ಲೂ ಇದೆ. ಒಂದು ಚಮಚ ಹಾಲು ಬಟ್ಟೆಯ ಮೇಲೆ ಚೆಲ್ಲಿ ನೋಡಿ, ಎಷ್ಟು ಅಗಲ ಹರಡುತ್ತದೆ ಅಂತ. ಅನ್ನನಾಳ ಹೊಟ್ಟೆಗೆ ಸೇರುವಲ್ಲಿನ ಸ್ನಾಯು ಇನ್ನೂ ಸಡಿಲ. ಕಕ್ಕುವುದು ನಾಲ್ಕು ತಿಂಗಳ ಸುಮಾರಿಗೆ ಜೋರಾಗಿದ್ದು, ವರ್ಷದೊಳಗೆ ಬಹುತೇಕ ನಿಲ್ಲುತ್ತದೆ. ತೂಕ ಏರುತ್ತಿರುವ, ಕಕ್ಕಿಯೂ ನಗುವ ಮಗುವಿಗೆ ಔಷಧ ಬೇಡ, ನಮಗೆ ಹೆಗಲ ಮೇಲೊಂದು ಬಟ್ಟೆ ಬೇಕು. ಆದರೆ ವಾಂತಿ ಹಸಿರಾಗಿದ್ದರೆ ಕರುಳು ಕಟ್ಟಿರಬಹುದು, ಅದು ಆ ಗಳಿಗೆಯೇ ಹೊರಡಬೇಕಾದ ಕೆಲಸ. 3ರಿಂದ 6 ವಾರದ ಮಗು ಪ್ರತಿಸಲ ಹಾಲು ಕುಡಿದೊಡನೆ ದೂರಕ್ಕೆ ಚಿಮ್ಮುವಂತೆ ವಾಂತಿ ಮಾಡಿ, ಮತ್ತೆ ಹಸಿವಿನಿಂದ ಅಳುತ್ತಿದ್ದರೆ ಹೊಟ್ಟೆಯ ಹೊರದಾರಿ ಕಿರಿದಾಗಿರುವ ಸಾಧ್ಯತೆ ಇದೆ. ಸಣ್ಣ ಶಸ್ತ್ರಚಿಕಿತ್ಸೆಯಿಂದ ಪೂರ್ತಿ ವಾಸಿಯಾಗುತ್ತದೆ.

ಇನ್ನು ನಿದ್ದೆ. ಲೆಕ್ಕಕ್ಕೆ ದಿನಕ್ಕೆ 14ರಿಂದ 17 ಗಂಟೆ, ತುಂಡು ತುಂಡಾಗಿ. ಎಳೆಗೂಸಿನ ಒಂದು ನಿದ್ದೆಯ ಸುತ್ತು ಸುಮಾರು 50 ನಿಮಿಷ, ಅದರಲ್ಲಿ ಅರ್ಧದಷ್ಟು ಚಟುವಟಿಕೆಯ ನಿದ್ದೆ: ಮುಲುಗುತ್ತದೆ, ಕೈಕಾಲು ಆಡಿಸುತ್ತದೆ, ಕಣ್ಣು ಅರೆ ತೆರೆಯುತ್ತದೆ, ಒಂದೆರಡು ಸಲ ಅತ್ತೂ ಬಿಡುತ್ತದೆ. ಎದ್ದಿತೆಂದು ಎತ್ತಿಕೊಂಡವರು ನಿದ್ದೆಯಲ್ಲಿದ್ದ ಮಗುವನ್ನು ತಾವೇ ಎಬ್ಬಿಸಿರುತ್ತಾರೆ. ಒಂದು ನಿಮಿಷ ಸುಮ್ಮನೆ ನಿಂತು ನೋಡುವುದು ಇಲ್ಲಿ ದೊಡ್ಡ ವಿದ್ಯೆ. ಹಗಲು ರಾತ್ರಿಯ ಭೇದ ಮಗುವಿನ ಮೈಗೆ ತಿಳಿಯುವುದು ಎರಡು ಮೂರು ತಿಂಗಳಲ್ಲಿ. ಅಲ್ಲಿಯವರೆಗೆ ನಮ್ಮ ಕೈಲಾಗುವುದು ಹಗಲಲ್ಲಿ ಕಿಟಕಿ ತೆರೆದು ಬೆಳಕು, ಮಾತು. ರಾತ್ರಿ ಮಂದ ದೀಪದಲ್ಲಿ ಹಾಲು, ಮಾತಿಲ್ಲದೆ ಡೈಪರ್ ಬದಲು. ಮೂರು ತಿಂಗಳು ಚೆನ್ನಾಗಿ ಮಲಗುತ್ತಿದ್ದ ಮಗು ನಾಲ್ಕನೆಯ ತಿಂಗಳಲ್ಲಿ ಮತ್ತೆ ಗಂಟೆ ಎರಡು ಗಂಟೆಗೆ ಏಳತೊಡಗಿದರೆ, ನಿದ್ದೆಯ ಸುತ್ತುಗಳು ದೊಡ್ಡವರ ಮಾದರಿಗೆ ಹೊರಳುತ್ತಿವೆ ಅಷ್ಟೆ.

ಮುಲುಗುವ ಸದ್ದಿಗೆ ಓಡಿ ಬರುವ ನಾವು ಹಾಸಿಗೆಯಲ್ಲಿರುವ ನಿಜವಾದ ಅಪಾಯಗಳನ್ನು ಮುದ್ದಾಗಿವೆ ಅಂತ ಕೊಂಡು ತಂದಿರುತ್ತೇವೆ. ಮೆತ್ತನೆಯ ದಿಂಬು, ತುಪ್ಪಳದ ಗೊಂಬೆ, ತೊಟ್ಟಿಲ ಸುತ್ತಲಿನ ಹತ್ತಿಯ ಗೋಡೆ, ದಪ್ಪ ಹೊದಿಕೆ, ಎಲ್ಲವೂ ಮೂಗುಬಾಯಿ ಮುಚ್ಚಬಲ್ಲವು. ಮಗು ಅಂಗಾತ ಮಲಗಬೇಕು, ಹಾಸು ಗಟ್ಟಿಯಾಗಿ ಮಟ್ಟಸವಾಗಿರಬೇಕು, ಅದಕ್ಕೆ ಬಿಗಿಯಾಗಿ ಎಳೆದು ಹಾಸಿದ ಒಂದು ಹಾಸುಬಟ್ಟೆಯ ಹೊರತು ಮೇಲೆ ಇನ್ನೇನೂ ಇರಬಾರದು. ಅಂಗಾತ ಮಲಗಿದರೆ ಕಕ್ಕಿದ್ದು ಗಂಟಲಿಗೆ ಸಿಕ್ಕೀತು ಎಂಬ ಹೆದರಿಕೆ ಹಳೆಯದು, ತಪ್ಪು ಕೂಡ. ಅಂಗಾತ ಇದ್ದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ. ಕಕ್ಕಿದ್ದು ಮೇಲೇರಿ ಶ್ವಾಸನಾಳಕ್ಕೆ ಬರುವುದು ಕಷ್ಟ. ಬೋರಲಾದಾಗ ಇದು ತಲೆಕೆಳಗು. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಬೋರಲು ಮಲಗಿಸಬೇಡಿ ಎಂದಿತು, 1994ರಲ್ಲಿ ದೇಶವ್ಯಾಪಿ ಪ್ರಚಾರ ಶುರುವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅಲ್ಲಿ ಕಾರಣ ತಿಳಿಯದ ತೊಟ್ಟಿಲ ಸಾವುಗಳು ಅರ್ಧದಷ್ಟು ಇಳಿದವು. ಇಷ್ಟು ಸುಲಭದ, ಖರ್ಚಿಲ್ಲದ ಎಚ್ಚರಿಕೆ ಶಿಶುಪಾಲನೆಯಲ್ಲಿ ಇನ್ನೊಂದಿಲ್ಲ. ಆರು ತಿಂಗಳವರೆಗಾದರೂ ತಾಯ್ತಂದೆಯ ಕೋಣೆಯಲ್ಲೇ, ಆದರೆ ಬೇರೆ ಹಾಸಿಗೆಯಲ್ಲಿ. ರಾತ್ರಿ ಸೋಫಾದಲ್ಲಿ ಹಾಲೂಡುತ್ತ ತೂಕಡಿಸುವುದು ಮಂಚದಲ್ಲಿ ಮಲಗಿ ಊಡುವುದಕ್ಕಿಂತ ಹೆಚ್ಚು ಅಪಾಯ, ಸಂದಿಗೆ ಮಗು ಜಾರಿಬಿಡುತ್ತದೆ. ಬಟ್ಟೆಯಲ್ಲಿ ಸುತ್ತಿ ಮಲಗಿಸುವವರು ಸೊಂಟದ ಕೆಳಗೆ ಸಡಿಲ ಬಿಡಿ, ಕಾಲು ನೀಳವಾಗಿ ಬಿಗಿದರೆ ಸೊಂಟದ ಕೀಲು ತಪ್ಪಬಹುದು. ಮಗು ಮಗ್ಗುಲಾಗಲು ಯತ್ನಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಬೇಕು. ಚಳಿಯೋ ಸೆಕೆಯೋ ತಿಳಿಯಲು ಅಂಗೈ ಮುಟ್ಟಬೇಡಿ, ಅದು ಯಾವಾಗಲೂ ತಣ್ಣಗೆ. ಕತ್ತಿನ ಹಿಂಬದಿ ಮುಟ್ಟಿ. ಬೆವರಿದ್ದರೆ ಒಂದು ಪದರ ತೆಗೆಯಿರಿ.

ಅಳು ಎರಡನೆಯ ವಾರದಿಂದ ಏರುತ್ತ, ಆರನೆಯ ವಾರದ ಸುಮಾರಿಗೆ ತುದಿ ಮುಟ್ಟಿ, ಮೂರು ನಾಲ್ಕು ತಿಂಗಳಲ್ಲಿ ಇಳಿಯುತ್ತದೆ. ಯಾರ ಮನೆಯಲ್ಲಿ ಏನು ಮಾಡಿದರೂ ಈ ಏರಿಳಿತ ಹೆಚ್ಚುಕಡಿಮೆ ಹೀಗೆಯೇ. ನಾಲ್ಕನೆಯ ತಿಂಗಳಲ್ಲಿ ಕೊಟ್ಟ ಯಾವ ಔಷಧಕ್ಕಾದರೂ ಗುಣ ಬಂದಂತೆ ಕಾಣುವುದು ಇದರಿಂದಲೇ. ಅಳುವ ಮಗುವಿನಲ್ಲಿ ಮೊದಲು ನೋಡಬೇಕಾದವು ಹಸಿವು, ಒದ್ದೆ, ಸೆಕೆ, ತೇಗು. ಆಮೇಲೆ ಬಟ್ಟೆ ಬಿಚ್ಚಿ ಕಾಲ್ಬೆರಳು, ಕೈಬೆರಳುಗಳನ್ನು ಒಂದೊಂದಾಗಿ ನೋಡಿ: ಬಾಣಂತಿಯ ಉದುರಿದ ಕೂದಲು ಕಾಲುಚೀಲದೊಳಗೆ ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟುವುದುಂಟು. ಇದಾವುದೂ ಅಲ್ಲವಾದರೆ ಎದೆಗವಚಿಕೊಂಡು 5 ನಿಮಿಷ ಒಂದೇ ಲಯದಲ್ಲಿ ನಡೆಯಿರಿ. ನಿದ್ದೆ ಹತ್ತಿತೆಂದು ಕೂಡಲೇ ಮಲಗಿಸಿದರೆ ಎದ್ದುಬಿಡುತ್ತದೆ. ಎತ್ತಿಕೊಂಡೇ ಇನ್ನೈದರಿಂದ ಎಂಟು ನಿಮಿಷ ಕೂತು, ಕೈ ಜೋತುಬಿದ್ದ ಮೇಲೆ ಇಳಿಸಿ.

ಏನು ಮಾಡಿದರೂ ನಿಲ್ಲದ ಅಳು ಇದೆ. ಅದಕ್ಕೆ ಮಗು ಸಾಯುವುದಿಲ್ಲ. ಸಾಯಿಸುವುದು ಆ ಹೊತ್ತಿಗೆ ದೊಡ್ಡವರಿಗೆ ಬರುವ ಸಿಟ್ಟು. ತಲೆ ಭಾರ, ಕತ್ತು ಎಳಸು. ಕೆಲವೇ ಸೆಕೆಂಡು ಜೋರಾಗಿ ಅಲುಗಾಡಿಸಿದರೂ ಮೆದುಳಿನ ಮೇಲಿನ ರಕ್ತನಾಳ ಹರಿಯುತ್ತದೆ. ಕೈ ನಡುಗತೊಡಗಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಬಾಗಿಲು ಎಳೆದುಕೊಂಡು 10 ನಿಮಿಷ ಹೊರಗೆ ಕೂರಿ. ಅತ್ತರೆ ಅಳಲಿ.

ಅಳು ತುದಿ ಮುಟ್ಟುವ ಆ ವಾರಗಳಲ್ಲೇ ಮೊದಲ ನಿಜವಾದ ನಗು ಬರುತ್ತದೆ, 6ರಿಂದ 8 ವಾರದೊಳಗೆ. ಅಲ್ಲಿಯವರೆಗಿನದು ನಿದ್ದೆಯ ನಗು, ಯಾರನ್ನೂ ಕುರಿತದ್ದಲ್ಲ. ಇದು ಹಾಗಲ್ಲ: ನಿಮ್ಮ ಮುಖ ನೋಡಿ, ಒಂದು ಕ್ಷಣ ತಡೆದು, ಕಣ್ಣಿನಿಂದ ಶುರುವಾಗಿ ಕೈಕಾಲಿಗೂ ಹರಡುತ್ತದೆ. ಹೊಸ ಮಗುವಿಗೆ ಚೆನ್ನಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ, ಎದೆಯಿಂದ ತಾಯಿಯ ಮುಖಕ್ಕೆ ಇರುವಷ್ಟೇ. ಹಾಗಾಗಿ ಗೊಂಬೆ ತೂಗುಹಾಕುವುದಕ್ಕಿಂತ ಮುಖ ಹತ್ತಿರ ತರುವುದೇ ಒಳ್ಳೆಯ ಆಟ. ಎರಡು ಮೂರು ತಿಂಗಳಲ್ಲಿ 'ಊಂ', 'ಆ' ಅನ್ನತೊಡಗಿದಾಗ ಉತ್ತರ ಕೊಟ್ಟು, ಮತ್ತೆ ಕಾಯಿರಿ. ನಾವು ಕಾಯುವುದನ್ನು ಮರೆಯುತ್ತೇವೆ. ಮಗುವಿಗೆ ಮಾತು ಹುಡುಕಿಕೊಳ್ಳಲು ಐದಾರು ಸೆಕೆಂಡು ಬೇಕು, ಅಷ್ಟು ಕೊಟ್ಟರೆ ಸರದಿಯ ಮೇಲೆ ಸಂಭಾಷಣೆ ನಡೆಸುತ್ತದೆ. ಮೂರು ತಿಂಗಳಿಗೆ ತನ್ನ ಕೈ ತಾನೇ ಕಂಡುಕೊಂಡು ಗಂಟೆಗಟ್ಟಲೆ ತಿರುಗಿಸಿ ನೋಡುವುದು, ನಾಲ್ಕಕ್ಕೆ ಸದ್ದು ಮಾಡಿ ನಗುವುದು. ಎಂಟು ತಿಂಗಳ ಸುಮಾರಿಗೆ, ಕಣ್ಣಿಗೆ ಕಾಣದ್ದೂ ಎಲ್ಲೋ ಇದೆ ಎಂದು ಗಟ್ಟಿಯಾಗಿ ತಿಳಿಯುತ್ತದೆ. ಮುಖ ಮುಚ್ಚಿ ತೆರೆಯುವ ಆಟದ ರುಚಿ ಹತ್ತುವುದು ಆಗ. ತಾಯಿ ಕೋಣೆ ಬಿಟ್ಟರೆ ಅಳುವುದೂ ಆಗಲೇ, ಯಾಕೆಂದರೆ ಅವಳು ಇನ್ನೆಲ್ಲೋ ಇದ್ದಾಳೆಂದು ಈಗ ಅದಕ್ಕೆ ಗೊತ್ತು.

ಎಚ್ಚರವಿದ್ದಾಗ, ಕಣ್ಣೆದುರಲ್ಲಿ, ಬೋರಲು ಮಲಗಿಸಬೇಕು. ಮೊದಲು ಎರಡು ಮೂರು ನಿಮಿಷ, ದಿನಕ್ಕೆ ಎರಡು ಮೂರು ಸಲ. ನಿಧಾನವಾಗಿ ಎಲ್ಲ ಸೇರಿ 30 ನಿಮಿಷ. ಕತ್ತು, ಭುಜ ಬಲಿಯುತ್ತವೆ, ತಲೆಯ ಹಿಂಬದಿ ಚಪ್ಪಟೆಯಾಗುವುದು ತಪ್ಪುತ್ತದೆ. ನೆಲ ಇಷ್ಟವಿಲ್ಲದ ಮಗುವಿಗೆ ನಿಮ್ಮ ಎದೆಯೇ ನೆಲ.

ಸ್ನಾನಕ್ಕೆ 37 ಡಿಗ್ರಿಯ ಸುತ್ತಲಿನ ನೀರು, ಮೊಣಕೈಗೆ ಬಿಸಿಯೂ ಅಲ್ಲ ತಣ್ಣಗೂ ಅಲ್ಲ ಅನ್ನುವಷ್ಟು. ಐದು ಹತ್ತು ನಿಮಿಷ ಸಾಕು, ದಿನಾ ಬೇಕೆಂದೇನಿಲ್ಲ. ಹೊಕ್ಕುಳಬಳ್ಳಿಗೆ ಏನನ್ನೂ ಹಚ್ಚದೆ ಒಣಗಲು ಬಿಡಿ, ಡೈಪರನ್ನು ಅದರ ಕೆಳಗೆ ಮಡಿಚಿ ಕಟ್ಟಿ. ಒಂದರಿಂದ ಮೂರು ವಾರದಲ್ಲಿ ಬೀಳುತ್ತದೆ. ಬುಡದ ಸುತ್ತ ಚರ್ಮ ಕೆಂಪಾಗಿ ಹರಡಿದರೆ, ಕೀವು ಬಂದರೆ ತೋರಿಸಿ. ಡೈಪರಿನ ಕೆಂಪು ತಾಗುವ ಕಡೆಯಷ್ಟೇ ಇದ್ದರೆ ಒದ್ದೆಯಿಂದ ಆದದ್ದು: ಗಾಳಿಗೆ ಬಿಟ್ಟು, ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮು ದಪ್ಪಗೆ ಹಚ್ಚಿ. ತೊಡೆಸಂದಿಯ ಮಡಿಕೆಯೊಳಗೂ ಕಡುಗೆಂಪಾಗಿ, ಸುತ್ತ ಬಿಡಿ ಬಿಡಿ ಚುಕ್ಕೆಗಳಿದ್ದರೆ ಅದು ಶಿಲೀಂಧ್ರ, ಜಿಂಕ್‌ಗೆ ಬಗ್ಗುವುದಿಲ್ಲ.

ಕಾಮಾಲೆ ಎರಡು ಮೂರನೆಯ ದಿನ ಕಾಣಿಸಿ ಎರಡು ವಾರದಲ್ಲಿ ಇಳಿದರೆ ಸಾಮಾನ್ಯ. ಮೊದಲ 24 ಗಂಟೆಯಲ್ಲೇ ಕಂಡರೆ, ಹಳದಿ ಕಾಲಿಗೂ ಇಳಿದರೆ, ಮಗು ಹಾಲಿಗೆ ಏಳದಿದ್ದರೆ ರಕ್ತಪರೀಕ್ಷೆ ಆಗಲೇಬೇಕು. ಕಿಟಕಿಯ ಬಿಸಿಲು ಇದಕ್ಕೆ ಚಿಕಿತ್ಸೆಯಲ್ಲ, ಆಸ್ಪತ್ರೆಯ ನೀಲಿ ಬೆಳಕಿನ ಕೆಲಸ ಅದರಿಂದಾಗದು. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಜ್ವರ ಬಂದರೆ, ನಗುನಗುತ್ತಿದ್ದರೂ ಸರಿ, ಮನೆಯಲ್ಲಿ ಔಷಧ ಕೊಟ್ಟು ಬೆಳಗಿನವರೆಗೆ ಕಾಯುವುದು ತಪ್ಪು. ಆ ವಯಸ್ಸಿನಲ್ಲಿ ಸೋಂಕು ಗಂಟೆಗಳಲ್ಲಿ ರಕ್ತಕ್ಕೆ ಹರಡಬಲ್ಲದು, ಮೈ ತಣ್ಣಗಾಗುವುದೂ ಅದರ ಗುರುತಾಗಿರಬಹುದು.

ತಾಯಿಯ ಕಡೆಗೂ ಇದೇ ಮಾತು. ಹೆರಿಗೆಯ ಮೂರನೆಯ ನಾಲ್ಕನೆಯ ದಿನ ಕಾರಣವಿಲ್ಲದೆ ಕಣ್ಣೀರು ಬಂದರೆ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಆಗುವುದು ಅದು, ಎರಡು ವಾರದಲ್ಲಿ ಹೋಗುತ್ತದೆ. ಎರಡು ತಿಂಗಳ ಮೇಲೆ ಅಳದೆ, ಯಾರಿಗೂ ಏನೂ ಹೇಳದೆ, ಯಂತ್ರದಂತೆ ಎಲ್ಲ ಕೆಲಸ ಮಾಡುತ್ತ, ಮಗು ಮಲಗಿದಾಗಲೂ ನಿದ್ದೆ ಬಾರದೆ ಇರುವವಳನ್ನು ಯಾರೂ ಗಮನಿಸುವುದಿಲ್ಲ. ಬಾಣಂತಿಯ ಖಿನ್ನತೆ ಹೀಗೂ ಇರುತ್ತದೆ. ಅದನ್ನು ಪತ್ತೆ ಹಚ್ಚಲು ಡಾಕ್ಟರುಗಳು ಬಳಸುವ, 1987ರಲ್ಲಿ ಎಡಿನ್‌ಬರೋ ಹೆಸರಿನಲ್ಲಿ ಬಂದ ಪ್ರಶ್ನಾವಳಿಯಲ್ಲಿ ಇರುವುದು ಬರೀ 10 ಪ್ರಶ್ನೆ, ಐದು ನಿಮಿಷದ ಕೆಲಸ. ಚಿಕಿತ್ಸೆ ಇದೆ, ಹಾಲೂಡುತ್ತಲೇ ತೆಗೆದುಕೊಳ್ಳಬಹುದಾದ ಔಷಧಗಳೂ ಇವೆ. ರಾತ್ರಿಯ ಒಂದು ಸರದಿಯನ್ನು ಬೇರೆಯವರು ಪೂರ್ತಿ ವಹಿಸಿಕೊಂಡು ಅವಳಿಗೆ ಒಟ್ಟಿಗೆ ನಾಲ್ಕೈದು ಗಂಟೆ ನಿದ್ದೆ ಸಿಕ್ಕರೆ ಅದೂ ಚಿಕಿತ್ಸೆಯ ಭಾಗವೇ. ಅಪ್ಪಂದಿರಿಗೂ ಖಿನ್ನತೆ ಬರುತ್ತದೆ, ಅವರನ್ನು ಕೇಳುವವರು ಇನ್ನೂ ಕಡಿಮೆ.

ಆರು ತಿಂಗಳಿಗೆ ಕತ್ತು ನಿಂತು, ಆಸರೆಯಲ್ಲಿ ಕೂರುವಂತಾಗಿ, ನಾಲಿಗೆ ಚಮಚವನ್ನು ಹೊರದಬ್ಬುವುದು ನಿಂತಾಗ ಊಟ ಶುರು. ಹುಟ್ಟುವಾಗ ತಂದ ಕಬ್ಬಿಣಾಂಶದ ದಾಸ್ತಾನು ಆ ಹೊತ್ತಿಗೆ ಕರಗುತ್ತ ಬಂದಿರುತ್ತದೆ, ಆದ್ದರಿಂದ ಕಬ್ಬಿಣವಿರುವ ಆಹಾರವೇ ಮೊದಲು. ಎರಡು ಮೂರು ಚಮಚದಿಂದ ಆರಂಭ. ಚಮಚದಿಂದ ಜಾರದಷ್ಟು ಗಟ್ಟಿ ಇರಲಿ, ನೀರಾಗಿಸಿದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ, ಬೆರಳಿಗೆ ಹಚ್ಚಿ ನೆಕ್ಕಿಸುವಷ್ಟೂ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ಬೀಜಾಣು ಎಳೆಯ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸುತ್ತದೆ.

ಹೊಸ ತುತ್ತಿಗೆ ಮಗು ಓಕರಿಸಿ, ಕೆಂಪಾಗಿ, ಕೆಮ್ಮಿದರೆ ಬಾಯಿಗೆ ಬೆರಳು ಹಾಕಬೇಡಿ. ಅದು ತಾನೇ ಹೊರಹಾಕುತ್ತಿದೆ. ನಿಜವಾಗಿ ಗಂಟಲು ಕಟ್ಟಿದ ಮಗು ಸದ್ದೇ ಮಾಡುವುದಿಲ್ಲ. ಕೆಮ್ಮಿಲ್ಲ, ಅಳುವಿಲ್ಲ, ಬಾಯಿ ತೆರೆದಿರುತ್ತದೆ, ಮುಖ ನೀಲಿಯಾಗುತ್ತ ಹೋಗುತ್ತದೆ. ಆಗ ಮಗುವನ್ನು ಮುಂದೋಳಿನ ಮೇಲೆ ಬೋರಲು, ತಲೆ ಕೆಳಗಾಗಿ ಮಲಗಿಸಿ, ದವಡೆಗೆ ಆಸರೆ ಕೊಟ್ಟು, ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಪೆಟ್ಟು. ಬರದಿದ್ದರೆ ಅಂಗಾತ ತಿರುಗಿಸಿ, ತೊಟ್ಟುಗಳ ಗೆರೆಯ ತುಸು ಕೆಳಗೆ ಎದೆಯ ನಡುವೆ 5 ಸಲ ಒತ್ತಿ. ಹೊರಬರುವವರೆಗೆ, ಇಲ್ಲವೇ ಮಗು ಪ್ರಜ್ಞೆ ತಪ್ಪುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಬೇಕು, ಇನ್ನೊಬ್ಬರು ಆಂಬುಲೆನ್ಸ್ ಕರೆಯಬೇಕು; ಪ್ರಜ್ಞೆ ತಪ್ಪಿದರೆ ಸಿಪಿಆರ್, ಅಂದರೆ ಎದೆ ಒತ್ತುತ್ತ ಬಾಯಿಂದ ಉಸಿರು ಕೊಡುವುದು. ವಸ್ತು ಕಣ್ಣಿಗೆ ಕಾಣದಿದ್ದರೆ ಬೆರಳಿಂದ ತಡಕಬಾರದು, ಇನ್ನೂ ಒಳಕ್ಕೆ ಹೋಗುತ್ತದೆ. ಇದನ್ನು ಓದಿ ಕಲಿಯುವುದಕ್ಕಿಂತ ಮಗು ಬರುವ ಮುಂಚೆಯೇ ಗೊಂಬೆಯ ಮೇಲೆ ಮಾಡಿ ಕಲಿಯುವುದು ಮೇಲು. ಅಜ್ಜಿ ತಾತ, ಮಗು ನೋಡಿಕೊಳ್ಳುವವರು ಎಲ್ಲರೂ.